ಮೊಳೆ ತಪ್ಪಿದ ಹೆಸರು

ನನ್ನ ತಮ್ಮ ಕೋದಂಡಪ್ಪನ ಆಯಸ್ಸೆಲ್ಲ ಹೆಸರು ಹುಡುಕುವುದರಲ್ಲೇ ಕಳೆಯಿತು. ಒಂದು ಪಟ್ಟಿಯಲ್ಲಿರುವ ಹೆಸರು ಇನ್ನೊಂದರಲ್ಲಿ ಇದೆಯೋ ಇಲ್ಲವೋ ನೋಡಿ ಹೇಳುವುದು, ಅಷ್ಟೇ ಅವನ ಕೆಲಸ. ಮೊದಲು ಪುಸ್ತಕದಲ್ಲಿ ಹುಡುಕಿದ, ಆಮೇಲೆ ಹಲಗೆಯ ಮೇಲೆ, ಕೊನೆಗೆ ಕಂಪ್ಯೂಟರಿನಲ್ಲಿ. ಅವನ ಕೈ ದಾಟಿಹೋದ ಸಾವಿರಾರು ಹೆಸರುಗಳಲ್ಲಿ ಕೆಲವು ತಪ್ಪಿದವು. ತಪ್ಪಿದ್ದರಲ್ಲಿ ಒಂದು ನಮ್ಮ ಮನೆಯದು.

ನಮ್ಮೂರು ಬಂಗಾರಪೇಟೆಯಿಂದ ನಾಲ್ಕು ಮೈಲಿ. ಅಪ್ಪ ದೊಡ್ಡವೆಂಕಟಪ್ಪನಿಗೆ ನಾವಿಬ್ಬರೇ ಮಕ್ಕಳು. ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ರಾಗಿ ಕಳೆ ಕೀಳಲು ಹೋದೆ. ನನಗಿಂತ ಆರು ವರ್ಷಕ್ಕೆ ಚಿಕ್ಕವನಾದ ಕೋದಂಡಪ್ಪ ಎಸ್ಸೆಸ್ಸೆಲ್ಸಿ ಮುಗಿಸಿದ. ಓದುವಾಗ ಜೋರಾಗಿ ಓದುವುದು ಅವನ ಅಭ್ಯಾಸ, ಒಲೆ ಮುಂದೆ ಕೂತು ಕೇಳುವುದು ನನ್ನದು. ಅವನು ಒಂದು ಸಾಲು ಬಿಟ್ಟರೆ ನನಗೆ ಗೊತ್ತಾಗುತ್ತಿತ್ತು. ಪುಸ್ತಕ ಮುಚ್ಚಿ, ಅಕ್ಕ, ಏನು ಬಿಟ್ಟೆ ಹೇಳು ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ.

ಎಪ್ಪತ್ತೊಂದರಲ್ಲಿ ಅವನಿಗೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿತು. ಗಣಿಯೊಳಗೆ ಇಳಿಯುವವರ ಹಾಜರಿ ಬರೆಯುವ ಟೈಮಾಫೀಸಿನ ಗುಮಾಸ್ತ. ಅಲ್ಲಿ ಹಿರಿಯ ಗುಮಾಸ್ತರಾಗಿದ್ದ ಕುಪ್ಪುಸ್ವಾಮಿ ತಮಿಳಿನವರು. ಬಾಯಲ್ಲಿ ಸದಾ ಒಂದು ಲವಂಗ. ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆಯುವುದನ್ನು ಇವನಿಗೆ ಕಲಿಸಿದವರು ಅವರೇ. ತಮಿಳಿನಲ್ಲಿ ‘ತ’ಕ್ಕೂ ‘ದ’ಕ್ಕೂ ಒಂದೇ ಅಕ್ಷರವಂತೆ. ಅದರಿಂದ ಅವರು ಎರಡಕ್ಕೂ ಟಿ ಎಚ್ ಎಂದೇ ಹಾಕುತ್ತಿದ್ದರು. ಇವನೂ ಹಾಗೇ ಕಲಿತ.

ನಮ್ಮ ಯಜಮಾನರ ಹೆಸರು ಕದಿರಪ್ಪ. ಬರೆಯುವಾಗ ಬರೆಯಬಹುದು, ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮ ಕಾಲದ ಹೆಂಗಸರಿಗೆ ಇರಲಿಲ್ಲ. ಮಾತಿನಲ್ಲಿ ‘ನಮ್ಮನೆಯವರು’, ಅಷ್ಟೇ. ಊರಲ್ಲಿ ಕೂಲಿ ಮಾಡಿಕೊಂಡಿದ್ದ ಅವರನ್ನು ಎಪ್ಪತ್ತಮೂರರಲ್ಲಿ ಕೋದಂಡಪ್ಪನೇ ಗಣಿಗೆ ಸೇರಿಸಿದ. ಹೆಸರನ್ನು ರಿಜಿಸ್ಟರಿಗೆ ಬರೆದವನೂ ಅವನೇ. ಕಲಿತ ಪ್ರಕಾರ ಟಿ ಎಚ್ ಹಾಕಿ, ಓದಿದರೆ ‘ಕತಿರಪ್ಪ’ ಎಂದು ಆಗುವ ಹಾಗೆ ಬರೆದ. ಬರೆದಾದ ಮೇಲೆ ಸ್ವಂತ ಬಾವನ ಹೆಸರಲ್ಲವೇ, ಇಲ್ಲಿ ಡಿ ಬರಬೇಕಲ್ಲವೇ ಎಂದು ಕುಪ್ಪುಸ್ವಾಮಿಯವರನ್ನು ಕೇಳಿದನಂತೆ.

“ಎಲ್ಲಾಂ ಒಣ್ಣುದಾನ್ ಪಾ,” ಎಂದರಂತೆ ಅವರು, ಎಲ್ಲಾ ಒಂದೇ ಕಣಪ್ಪ ಎಂದು. “ಅಕ್ಷರ ಬದಲಾದ್ರೆ ಆಳು ಬದಲಾಗ್ತಾನಾ?”

ಅವತ್ತು ಸಂಜೆ ಇದನ್ನು ಮನೆಯಲ್ಲಿ ಹೇಳಿ ಎಲ್ಲರೂ ನಕ್ಕಿದ್ದೆವು. ನಮ್ಮ ಯಜಮಾನರು ಬಹಳ ದಿನ ತಮ್ಮನ್ನು ತಾವೇ ಕತಿರಪ್ಪ ಎಂದು ಕರೆದುಕೊಂಡು ಆಡಿಕೊಳ್ಳುತ್ತಿದ್ದರು. ಕತ್ತಿ ಹಿಡಿದವನಂಗದೆ ಕಣ್ಲಾ ಬಾಮೈದ, ಚೆನ್ನಾಗೇ ಇಟ್ಟೆ ಎನ್ನುತ್ತಿದ್ದರು.

ಗಣಿ ಕಂಪನಿ ಕಟ್ಟಿಸಿದ ಸಾಲುಮನೆಗಳಲ್ಲಿ, ಲೈನು ಎನ್ನುತ್ತಿದ್ದೆವು ಅದಕ್ಕೆ, ನಮ್ಮದೂ ತಮ್ಮನದೂ ಒಂದೇ ಗೋಡೆ. ಈ ಕಡೆ ಸಾಸಿವೆ ಸಿಡಿದರೆ ಆ ಕಡೆ ಅವನ ಹೆಂಡತಿ ಕನಕಮ್ಮ ಸೀನುತ್ತಿದ್ದಳು.

ಟೈಮಾಫೀಸಿನಲ್ಲಿ ಎರಡು ಪುಸ್ತಕ. ಗಣಿಗೆ ಇಳಿದವರದು ಒಂದು, ಮೇಲೆ ಬಂದವರದು ಒಂದು. ಪಾಳಿ ಮುಗಿದ ಮೇಲೆ ಎರಡನ್ನೂ ತಾಳೆ ನೋಡಬೇಕು. ಕೋದಂಡಪ್ಪ ಮೊದಮೊದಲು ಇದರಲ್ಲಿ ಒಂದು ಹೆಸರು ತೆಗೆದುಕೊಂಡು ಅದರಲ್ಲಿ ಮೊದಲ ಪುಟದಿಂದ ಕೊನೆಯವರೆಗೂ ಹುಡುಕುತ್ತಿದ್ದ. ಮತ್ತೆ ಇನ್ನೊಂದು ಹೆಸರು, ಮತ್ತೆ ಮೊದಲ ಪುಟ. ಮುಂದಿನ ಪಾಳಿ ಇಳಿಯುವ ಹೊತ್ತಾದರೂ ಹಿಂದಿನದು ಮುಗಿಯುತ್ತಿರಲಿಲ್ಲ. ಆಳುಗಳಿಗೆ ನಂಬರಿನ ಹಿತ್ತಾಳೆ ಬಿಲ್ಲೆ ಇತ್ತು, ನಿಜ. ಆದರೆ ಗೇಟಿನ ಹತ್ತಿರ ಬಂದು ಕೇಳುವ ಹೆಂಗಸಿಗೆ ನಂಬರು ಗೊತ್ತಿಲ್ಲ, ಹೆಸರು ಹೇಳುವಂತಿಲ್ಲ. ಬಚ್ಚಪ್ಪನ ಮಗ ಎನ್ನುತ್ತಾಳೆ, ಇಲ್ಲ ಮುನಿಗಂಗಮ್ಮನ ಅಪ್ಪ ಎನ್ನುತ್ತಾಳೆ.

ಅವನು ಒಂದು ಉಪಾಯ ಮಾಡಿದ. ಹಳೆಯ ಬಾಗಿಲ ಹಲಗೆ ಒಂದನ್ನು ಗೋಡೆಗೆ ನಿಲ್ಲಿಸಿ ಸಾಲುಸಾಲಾಗಿ ಮೊಳೆ ಹೊಡೆದ. ಹೆಸರಿನ ಮೊದಲ ಅಕ್ಷರ ಯಾವ ಸಾಲು ಎಂದು ಹೇಳುತ್ತದೆ, ಎರಡನೆಯ ಅಕ್ಷರ ಆ ಸಾಲಿನಲ್ಲಿ ಯಾವ ಮೊಳೆ ಎಂದು ಹೇಳುತ್ತದೆ. ಪ್ರತಿ ಮೊಳೆಗೂ ಆಳಿಗೊಂದರಂತೆ ರಟ್ಟಿನ ಚೀಟಿ. ಅದರ ಮೇಲೆ ಹೆಸರು, ತಂದೆ, ಊರು. ಆಳು ಇಳಿದಾಗ ಚೀಟಿಯ ಕೆಂಪು ಮಗ್ಗಲು ಮುಂದೆ, ಮೇಲೆ ಬಂದಾಗ ಬಿಳಿ ಮಗ್ಗಲು. ಯಾರ ಮಗ, ಯಾರ ಅಪ್ಪ ಎಂದರೆ ಯಾವ ಹೆಸರು ಎಂಬುದು ಇವನಿಗೆ ಬಾಯಿಪಾಠ, ಹುಡುಕುವ ಮಾತೇ ಇಲ್ಲ. ಅಕ್ಕ, ಎಸ್ರೇ ದಾರಿ ತೋರ್ಸುತ್ತೆ, ಕೈ ನೆಟ್ಟಗೆ ಮೊಳೆಗೆ ಓಗ್ತದೆ ಎಂದು ನನಗೆ ವಿವರಿಸಿದ. ಅವನ ಮಾತು ಹಾಗೆಯೇ ನನಗೆ ನೆನಪಿದೆ, ಏಕೆಂದರೆ ಇಪ್ಪತ್ತು ವರ್ಷ ಬಿಟ್ಟು ಅದನ್ನೇ ಮತ್ತೆ ಹೇಳಿದ.

ಎಪ್ಪತ್ತೇಳೋ ಎಪ್ಪತ್ತೆಂಟೋ, ಒಂದು ಬೆಳಗ್ಗೆ ಕೆಳಗೆ ಬಂಡೆ ಸಿಡಿದು ನಮ್ಮ ಲೈನಿನ ತಟ್ಟೆ ಲೋಟವೆಲ್ಲ ಉರುಳಿದವು. ಏರ್‌ಬ್ಲಾಸ್ಟು ಎನ್ನುತ್ತಿದ್ದೆವು ಅದಕ್ಕೆ. ಎಲ್ಲರೂ ಟೈಮಾಫೀಸಿಗೆ ಓಡಿದೆವು. ಕೋದಂಡಪ್ಪ ಹಲಗೆಯ ಮುಂದೆ ನಿಂತಿದ್ದ. ಹೆಂಗಸರು ಗಂಡನ ಹೆಸರು ಹೇಳದೆಯೇ ಕೇಳಿದರು, ಅವನು ಪುಸ್ತಕ ತೆರೆಯದೆಯೇ ಹೇಳಿದ. ಇವರು ಮೇಲೆ ಬಂದವ್ರೆ, ಮನೆಗೆ ಓಗಮ್ಮ. ಇವರು ಬತ್ತಾವ್ರೆ, ಕೂತ್ಕೊಳಮ್ಮ. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಒಂದು ಚೀಟಿ ಮುಟ್ಟಿ ತೋರಿಸಿದ. ಬಿಳಿ ಮಗ್ಗಲು ಮುಂದಿತ್ತು. ಅವತ್ತಿನಿಂದ ಲೈನಿನಲ್ಲಿ ಅವನಿಗೆ ‘ಮೊಳೆ ಕೋದಂಡಪ್ಪ’ ಎಂದೇ ಹೆಸರು.

ಆ ಚೀಟಿಗಳನ್ನು ಅವನು ಕನ್ನಡದಲ್ಲಿ ಬರೆದಿದ್ದ. ಅದರಲ್ಲಿ ನಮ್ಮ ಯಜಮಾನರು ಕದಿರಪ್ಪನೇ. ರಿಜಿಸ್ಟರಿನಲ್ಲಿ ಮಾತ್ರ ಕತಿರಪ್ಪ. ಎರಡರ ನಡುವೆ ನಿಂತಿದ್ದವನು ಇವನಾದ್ದರಿಂದ ತೊಂದರೆ ಬರಲಿಲ್ಲ. ಎರಡೂ ಒಬ್ಬನೇ ಎಂದು ಇವನಿಗೆ ಗೊತ್ತಿತ್ತು.

ತೊಂಬತ್ತರ ಹೊತ್ತಿಗೆ ಗಣಿ ಕೆಲಸ ಕರಗುತ್ತಾ ಬಂತು. ಬೇಕಾದವರು ಬಿಟ್ಟು ಹೋಗಬಹುದು ಎಂದರು. ಬಾವ ಬಾಮೈದ ಒಂದೇ ದಿನ ಬಿಟ್ಟುಬಂದರು. ನಮ್ಮ ಯಜಮಾನರು ಎರಡು ಎಮ್ಮೆ ಕಟ್ಟಿದರು. ಕೋದಂಡಪ್ಪ ರಾಬರ್ಟ್‌ಸನ್‌ಪೇಟೆಯಲ್ಲಿ ಆದಿನಾರಾಯಣ ಎಂಬುವನು ಇಟ್ಟಿದ್ದ ಟೈಪಿಂಗ್ ಶಾಲೆಗೆ ಹೋಗತೊಡಗಿದ. ಅಲ್ಲಿ ಹನ್ನೆರಡು ಟೈಪ್‌ರೈಟರು, ಗಾಜಿನ ಬಾಗಿಲ ಹಿಂದೆ ಎರಡು ಕಂಪ್ಯೂಟರು. ನಲವತ್ತು ದಾಟಿದವನು ಹೊಸದಾಗಿ ಕಲಿಯಲು ಕೂತ. ಚಪ್ಪಲಿ ಹೊರಗೆ ಬಿಟ್ಟು ಕೈ ಒರೆಸಿಕೊಂಡು ಅದರ ಮುಂದೆ ಕೂರುತ್ತಿದ್ದನಂತೆ. ಕನಕಮ್ಮ ಅದನ್ನು ಸವತಿ ಎಂದು ಕರೆದಳು.

ಅದಕ್ಕೆ ಹೇಳಬೇಕಾದ್ದನ್ನು ಅದರ ಭಾಷೆಯಲ್ಲೇ ಬರೆಯಬೇಕಂತೆ. ಆದಿನಾರಾಯಣ ಬೆಂಗಳೂರಿನಿಂದ ಒಂದು ಫ್ಲಾಪಿಯಲ್ಲಿ ತಂದ ಭಾಷೆಯ ಹೆಸರು ಪರ್ಲ್. ಪಟ್ಟಿ ಓದುವುದಕ್ಕೆ, ಮಾತು ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ತಮ್ಮ ಹೇಳಿದ. ನಮ್ಮ ಯಜಮಾನರಿಗೆ ಅದು ‘ಪೇರ್ಲು’ ಎಂದು ಕೇಳಿಸಿತು.

“ಪೇರ್ಲು ಅಂದ್ರೆ ತೆಲುಗಲ್ಲಿ ಎಸ್ರುಗಳು ಕಣ್ಲಾ,” ಎಂದರು. “ಅದನ್ನ ಮಾಡಿದೋನು ನಮ್ ಮುಳಬಾಗಿಲು ಕಡೆಯೋನೇ ಇರ್ಬೇಕು.”

ಅವತ್ತಿನಿಂದ ನಮ್ಮ ಎರಡೂ ಮನೆಯಲ್ಲಿ ಅದು ಪೇರ್ಲು. ಕೋದಂಡಪ್ಪ ಪೇರ್ಲಿಗೆ ಹೋಗಿದ್ದಾನೆ, ಪೇರ್ಲಿನಿಂದ ಬಂದ.

ತೊಂಬತ್ತನಾಲ್ಕರಲ್ಲಿ ಬೆಂಗಳೂರಿನ ಒಂದು ಧರ್ಮಸಂಸ್ಥೆಯವರು ಎಕ್ಸ್‌ರೇ ವ್ಯಾನು ತಂದರು. ಲೈನುಗಳಲ್ಲೂ ಸುತ್ತಲ ಹಳ್ಳಿಗಳಲ್ಲೂ ಎರಡು ತಿಂಗಳು ತಿರುಗಿ, ಕೆಮ್ಮುವವರಿಗೆಲ್ಲ ಎದೆಯ ಚಿತ್ರ ತೆಗೆದರು. ಎದೆಯಲ್ಲಿ ಮಚ್ಚೆ ಕಂಡವರು ಎರಡು ಸಾವಿರದ ಮೇಲಾದರು. ಯಾರಿಗೆ ಕಂಡಿತು ಎಂದು ಅವರವರಿಗೆ ಆಗ ಹೇಳಲಿಲ್ಲ, ಹೆಸರು ಬಂದವರನ್ನು ಕರೆಯುತ್ತೇವೆ ಎಂದರು. ಅವರಲ್ಲಿ ಬೀಡಿ ಕಟ್ಟುವವರು, ಗದ್ದೆಯವರು, ಎಲ್ಲರೂ ಇದ್ದರು. ಗಣಿಯ ಧೂಳು ಕುಡಿದವರನ್ನು ಮಾತ್ರ ಮೊದಲು ಬೆಂಗಳೂರಿಗೆ ಕರೆದೊಯ್ದು ಔಷಧ ಮಾಡಿಸುತ್ತೇವೆ, ಉಳಿದವರನ್ನು ಆಮೇಲೆ ನೋಡೋಣ ಎಂದರು. ಆ ಆಮೇಲೆ ಬರಲೇ ಇಲ್ಲ, ಅದು ಬೇರೆ ಮಾತು.

ಯಾರು ಗಣಿಗೆ ಇಳಿದವರು ಎಂದು ತಿಳಿಯುವುದಕ್ಕೆ ಹಳೆಯ ಹಾಜರಿ ಪುಸ್ತಕಗಳನ್ನು ನೋಡಬೇಕು. ಆದಿನಾರಾಯಣನ ಶಾಲೆಯ ಹುಡುಗಿಯರು ನಾಲ್ಕು ತಿಂಗಳು ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಬಡಿದರು. ನಲವತ್ತು ಸಾವಿರ ಸಾಲು. ವ್ಯಾನಿನವರ ಪಟ್ಟಿ ಎರಡು ಸಾವಿರ ಸಾಲು. ವ್ಯಾನಿನಲ್ಲಿ ಬಿಲ್ಲೆ ನಂಬರು ಕೇಳಿರಲಿಲ್ಲ, ಬರೀ ಹೆಸರು ಮತ್ತು ತಂದೆಯ ಹೆಸರು. ಎರಡೂ ಪಟ್ಟಿಯಲ್ಲಿ ಇರುವವರು ಯಾರು, ಅದನ್ನು ತೆಗೆದುಕೊಡುವ ಕೆಲಸ ಕೋದಂಡಪ್ಪನ ಪಾಲಿಗೆ ಬಂತು. ಇದನ್ನು ನನಗಿಂತ ಬೇರೆ ಯಾರು ಮಾಡೋರು ಎಂದು ಅವನೇ ಕೇಳಿ ತೆಗೆದುಕೊಂಡನಂತೆ.

ಅವನು ಮೊದಲು ಬರೆದದ್ದು ಟೈಮಾಫೀಸಿನ ಮೊದಲ ವರ್ಷದ ಬುದ್ಧಿಯಿಂದ. ಚಿಕ್ಕ ಪಟ್ಟಿಯ ಒಂದು ಹೆಸರು, ಅದಕ್ಕೆ ದೊಡ್ಡ ಪಟ್ಟಿ ಮೊದಲಿನಿಂದ ಕೊನೆಯವರೆಗೆ. ಮತ್ತೆ ಒಂದು ಹೆಸರು, ಮತ್ತೆ ನಲವತ್ತು ಸಾವಿರ. ಬೆಳಗ್ಗೆ ಹತ್ತಕ್ಕೆ ಓಡಿಸಿದ್ದು ಸಂಜೆ ಐದಾದರೂ ಓಡುತ್ತಲೇ ಇತ್ತು. ಐದೂಕಾಲಿಗೆ ಕರೆಂಟು ಹೋಯಿತು, ಎಲ್ಲವೂ ಹೋಯಿತು. ಮೂರು ದಿನ ಹೀಗೇ. ನಾಲ್ಕನೇ ದಿನ ಮಧ್ಯಾಹ್ನ ಮನೆಗೆ ಊಟಕ್ಕೆ ಬಂದವನು ಮುದ್ದೆ ಮುರಿಯುತ್ತಾ ಮುರಿಯುತ್ತಾ ನಿಲ್ಲಿಸಿದ.

“ಅಕ್ಕ, ನಾನೊಬ್ಬ ಪೆದ್ದ. ಮೊಳೆ ಒಡೆಯೋದನ್ನೇ ಮರ್ತಿದ್ನಲ್ಲ.”

ಪೇರ್ಲಿನಲ್ಲೂ ಮೊಳೆ ಹಲಗೆ ಇದೆಯಂತೆ. ಅದಕ್ಕೆ ಏನೋ ಇಂಗ್ಲಿಷ್ ಹೆಸರಿದೆ, ನನಗೆ ಬಾರದು. ಹೆಸರನ್ನು ಕೊಟ್ಟರೆ ಅದೇ ತನ್ನ ಮೊಳೆ ಹುಡುಕಿಕೊಂಡು ನೇತುಹಾಕಿಕೊಳ್ಳುತ್ತದೆ, ಮತ್ತೆ ಕೇಳಿದರೆ ಕೈ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಮೊದಲು ಅವನು ನಲವತ್ತು ಸಾವಿರಕ್ಕೂ ಮೊಳೆ ಹೊಡೆಯಲು ಹೋದ, ಜಾಗ ಸಾಲದೆಂದು ಯಂತ್ರ ನಿಂತುಹೋಯಿತು. ಆಮೇಲೆ ತಿರುಗಿಸಿದ. ಚಿಕ್ಕ ಪಟ್ಟಿಗೆ ಮೊಳೆ, ದೊಡ್ಡ ಪಟ್ಟಿಯನ್ನು ಒಂದೇ ಒಂದು ಸಲ ಮೇಲಿನಿಂದ ಕೆಳಗೆ ಓದುವುದು. ಓದಿದ ಹೆಸರಿಗೆ ಮೊಳೆ ಇದ್ದರೆ ಇಟ್ಟುಕೋ, ಇಲ್ಲದಿದ್ದರೆ ಮುಂದೆ ಹೋಗು. ಮೂರು ದಿನದಲ್ಲಿ ಆಗದ್ದು ಆದಿನಾರಾಯಣ ತರಿಸಿದ ಟೀ ಆರುವ ಮೊದಲೇ ಮುಗಿಯಿತು. ಮುನ್ನೂರ ಹನ್ನೆರಡು ಹೆಸರು. ಆದಿನಾರಾಯಣ ಎದ್ದು ಇವನ ಕೈ ಕುಲುಕಿದನಂತೆ. ಅದನ್ನು ಹೇಳುವಾಗ ತಮ್ಮನ ಮುಖ, ಎಸ್ಸೆಸ್ಸೆಲ್ಸಿ ಪಾಸಾದ ದಿನ ಹೇಗಿತ್ತೋ ಹಾಗಿತ್ತು.

ಪಟ್ಟಿಯನ್ನು ಸಂಸ್ಥೆಗೆ ಕೊಡುವ ಮೊದಲು ಒಂದು ಪ್ರತಿ ಮನೆಗೆ ತಂದ. ಅವರೆಕಾಯಿಯ ಕಾಲ. ನಾನೂ ಕನಕಮ್ಮನೂ ಜಗುಲಿಯಲ್ಲಿ ನೆನೆದ ಕಾಳು ಹಿತುಕುತ್ತಾ ಕೂತಿದ್ದೆವು. ನಮ್ಮ ಯಜಮಾನರು ಎಮ್ಮೆ ಮೇಯಿಸಲು, ಚಿನ್ನ ತೆಗೆದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ಹೋಗಿದ್ದರು. ಅವರೂ ವ್ಯಾನಿನಲ್ಲಿ ಎದೆ ತೋರಿಸಿ ಬಂದಿದ್ದರು. ಎರಡು ವರ್ಷದಿಂದ ಕೆಮ್ಮು ಇತ್ತು. ಆ ಪಟ್ಟಿಯಲ್ಲಿ ಅವರ ಹೆಸರು ಇದೆಯೇ, ಅದೊಂದೇ ನನಗೆ ಬೇಕಾಗಿದ್ದದ್ದು.

ಕೋದಂಡಪ್ಪ ಮೊದಲಿನಿಂದ ಜೋರಾಗಿ ಓದಿದ. ನಾನು ಕಾಳು ಹಿತುಕುತ್ತಾ ಕೇಳಿದೆ. ಚಿಕ್ಕಮುನಿಯಪ್ಪ ಬಂದ, ಹಿಂದಿನ ಸಾಲಿನ ಮುನಿಸ್ವಾಮಪ್ಪ ಬಂದ, ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲ ಬಂದರು. ನಮ್ಮನೆಯವರು ಬರಲಿಲ್ಲ. ಓದಿ ಮುಗಿಸಿ ಕಾಗದ ಮಡಿಸಿದ.

“ಬಾವಂದಿಲ್ಲ ಅಕ್ಕ,” ಎಂದ. ಅವನ ಕಣ್ಣಲ್ಲಿ ನೀರಿತ್ತು. “ಬಾವ ಪಾಸು.”

ಕನಕಮ್ಮ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ನಾನು ಕಾಳು ಹಿತುಕುತ್ತಲೇ ಇದ್ದೆ. ನನ್ನ ಕಿವಿಗೆ ಒಂದು ವಿಷಯ ಸಿಕ್ಕಿತ್ತು. ನಮ್ಮ ಲೈನು, ಹಿಂದಿನ ಲೈನು ಸೇರಿ ಕದಿರಪ್ಪ ಎನ್ನುವವರು ನಾಲ್ಕು ಜನ. ಮೂವರು ಕೆಮ್ಮುವವರು. ನಲ್ಲಿಯ ಹತ್ತಿರದ ಮನೆಯಾತನ ಕೆಮ್ಮು ನೀರಿಗೆ ಹೋದಾಗೆಲ್ಲ ನನಗೆ ಕೇಳುತ್ತಿತ್ತು, ಮುಂದಿನ ಯುಗಾದಿ ಕಾಣುವ ಕೆಮ್ಮಲ್ಲ ಅದು. ಮುನ್ನೂರ ಹನ್ನೆರಡು ಹೆಸರಿನಲ್ಲಿ ಒಬ್ಬ ಕದಿರಪ್ಪನೂ ಬರಲಿಲ್ಲ. ಒಬ್ಬನೂ.

ಅಕ್ಕ, ಏನು ಬಿಟ್ಟೆ ಹೇಳು ಎಂದು ಅವನು ಅವತ್ತು ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು. ಗಂಡನ ಹೆಸರು, ಹೇಗೆ ಬಾಯಿಂದ ತೆಗೆಯಲಿ ಎಂದು ಒಂದು ಕ್ಷಣ ಅಂದುಕೊಂಡೆ. ಅದು ನೆಪ. ನಲ್ಲಿ ಹತ್ತಿರದ ಮನೆಯಾತ ಯಾಕೆ ಬರಲಿಲ್ಲ ಎಂದು ಕೇಳಿದ್ದರೂ ಸಾಕಾಗಿತ್ತು. ಕೇಳಿದರೆ ತಮ್ಮ ಮತ್ತೆ ನೋಡುತ್ತಾನೆ. ನೋಡಿದರೆ ನಮ್ಮನೆಯವರ ಹೆಸರೂ ಬಂದುಬಿಡಬಹುದು. ಬಾರದೆ ಇರಲಿ, ಹೀಗೇ ಇರಲಿ ಎನ್ನಿಸಿತು. ಆ ರಾತ್ರಿ ಹಿತುಕಿದ ಬೇಳೆ ಸಾರು ಮಾಡಿ ಎರಡೂ ಮನೆಯವರು ಒಟ್ಟಿಗೆ ಉಂಡೆವು.

“ಮೂರನೇ ಕ್ಲಾಸಲ್ಲಿ ಫೇಲಾದೋನು ನಾನು,” ಎಂದರು ನಮ್ಮ ಯಜಮಾನರು. “ಪೇರ್ಲು ನನ್ನ ಪಾಸ್ ಮಾಡ್ತು ನೋಡು.”

ಪಾಸಾದದ್ದಕ್ಕೇ ಅವರು ಎಮ್ಮೆ ನನಗೆ ಬಿಟ್ಟು ಬಂಗಾರಪೇಟೆ ಹತ್ತಿರದ ಜಲ್ಲಿ ಕ್ರಷರಿಗೆ ಕೆಲಸಕ್ಕೆ ಹೋದರು. ಎದೆ ಗಟ್ಟಿ ಅಂತ ಕಂಪ್ಯೂಟರೇ ಹೇಳಿದೆ, ಸುಮ್ಮನೆ ಕೂರೋದ್ಯಾಕೆ ಎಂದರು. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಸಂಜೆ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಬರುತ್ತಿದ್ದರು. ಅಂಗಳದಲ್ಲಿ ನಿಲ್ಲಿಸಿ ನೀರು ಹುಯ್ಯುವಾಗ ಕೆಮ್ಮು ಕೇಳಿಸುತ್ತಿತ್ತು. ಒಂದೊಂದು ತಿಂಗಳಿಗೆ ಒಂದೊಂದು ಮೆಟ್ಟಿಲು ಕೆಳಗಿಳಿದ ಹಾಗೆ ಅದರ ದನಿ ಬದಲಾಯಿತು. ಬೇಡ, ಹೋಗಬೇಡಿ ಎಂದು ಎರಡು ಸಲ ಹೇಳಿದೆ. ಯಾಕೆ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ಇತ್ತು, ಹೇಳಲಿಲ್ಲ.

ಪಟ್ಟಿ ಬಂದು ಹದಿನಾಲ್ಕು ತಿಂಗಳಿಗೆ ರಕ್ತ ಕಾರಿದರು. ನಾನೂ ತಮ್ಮನೂ ಆಸ್ಪತ್ರೆಗೆ ಸೇರಿಸಿದೆವು. ಧರ್ಮಸಂಸ್ಥೆಯ ಡಾಕ್ಟರೊಬ್ಬರು ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ತಮ್ಮ ಪುಸ್ತಕ ತೆರೆದು ಬೆರಳಿಟ್ಟು ಓದಿದರು: ಕದಿರಪ್ಪ, ತಂದೆ ಬಚ್ಚಪ್ಪ. ಎದೆಯಲ್ಲಿ ಧೂಳು ಆಗಲೇ ಕಂಡಿತ್ತಲ್ಲ, ಜೊತೆಗೆ ಟಿಬಿ ಶುರುವಾಗಿತ್ತು, ಟಿಬಿಗೆ ಔಷಧ ಇತ್ತು, ಯಾಕೆ ಬರಲಿಲ್ಲ ಎಂದು ಕೇಳಿದರು. ಬಯ್ಯಲಿಲ್ಲ, ಮೆಲ್ಲಗೇ ಕೇಳಿದರು. ಕೋದಂಡಪ್ಪ ಆ ಪುಸ್ತಕದ ಮೇಲೆ ಬಗ್ಗಿ, ಅವರ ಬೆರಳ ಕೆಳಗಿನ ಅಕ್ಷರಗಳನ್ನು ನೋಡಿದ. ವ್ಯಾನಿನಲ್ಲಿ ಬರೆದವರು ಡಿ ಹಾಕಿದ್ದರು. ಅವನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ನಾನು ಹೋಗಿ ಕರೆದರೂ ಏಳಲಿಲ್ಲ.

ಹನ್ನೊಂದನೇ ದಿನ ನಮ್ಮ ಯಜಮಾನರು ತೀರಿಕೊಂಡರು. ಕೊನೆಯವರೆಗೂ ಅವರಿಗೆ ಯಾರೂ ಪಟ್ಟಿಯ ವಿಷಯ ಹೇಳಲಿಲ್ಲ. ಕ್ರಷರಿನ ಧೂಳು ಹಿಡೀತು ಎಂದೇ ತಿಳಿದಿದ್ದರು.

ತಿಥಿ ಮುಗಿದ ಮೇಲೆ ಒಂದು ದಿನ ಕೋದಂಡಪ್ಪ ನನ್ನನ್ನು ಟೈಪಿಂಗ್ ಶಾಲೆಗೆ ಕರೆದುಕೊಂಡು ಹೋದ. ಪೇರ್ಲನ್ನು ಹೊಸದಾಗಿ ಬರೆದಿದ್ದ. ಈ ಸಲ ಟಿ ಎಚ್ ಆಗಲಿ ಡಿ ಆಗಲಿ ಒಂದೇ ಮೊಳೆಗೆ ಹೋಗಬೇಕು. ಹನುಮಪ್ಪ ಎಂದರೂ ನಮ್ಮವರ ಬಾಯಲ್ಲಿ ಬರುವ ಅನುಮಪ್ಪ ಎಂದರೂ ಒಂದೇ ಮೊಳೆ. ಒಂದು ‘ಪ’ ಬರೆದವನೂ ಎರಡು ಬರೆದವನೂ ಒಂದೇ. ಹಾಗೆ ಸೇರಿಸಿದಾಗ ಜೋಡಿಜೋಡಿಯಾಗಿ ಹೆಸರು ಬಂದವು. ಆದರೆ ಯಂತ್ರಕ್ಕೆ ಅನುಮಾನವಿದ್ದ ಕಡೆ ಮನುಷ್ಯನೇ ಹೇಳಬೇಕು, ಇಬ್ಬರೂ ಒಬ್ಬನೇ ಅಥವಾ ಬೇರೆ ಎಂದು. ನೀನು ಕೇಳಿ ಹೇಳು ಅಕ್ಕ, ನಿನ್ನ ಕಿವಿಯಷ್ಟು ನನ್ನ ಕಣ್ಣು ನಂಬಿಕಸ್ತ ಅಲ್ಲ ಎಂದ.

ಅವನು ಓದಿದ, ನಾನು ಹೇಳಿದೆ. ಒಬ್ಬನೇ. ಒಬ್ಬನೇ. ಇವನು ಬೇರೆ, ಇವನ ಅಪ್ಪನ ಊರು ಬೇತಮಂಗಲ. ಒಬ್ಬನೇ. ಹೀಗೆ ನಡೆಯುತ್ತಾ ಒಂದು ಕಡೆ ಅವನ ದನಿ ನಿಂತಿತು. ನಾನು ಕಾದೆ. ಟೈಪ್‌ರೈಟರುಗಳ ಸದ್ದು ಗಾಜಿನ ಆಚೆಯಿಂದ ಬರುತ್ತಿತ್ತು.

“ಕತಿರಪ್ಪ, ಕದಿರಪ್ಪ,” ಎಂದೆ ನಾನೇ. “ಬಚ್ಚಪ್ಪನ ಮಗ. ಇಬ್ರೂ ಒಬ್ರೇ.”

ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕೋದಂಡಪ್ಪ ಆ ಎರಡೂ ಹೆಸರಿನ ಮೇಲೆ ಬೆರಳಿಟ್ಟ.

“ನನ್ ಕೈಯಾರೆ ಬರೆದಿದ್ದು ಅಕ್ಕ. ಅವತ್ತೇ ಅನುಮಾನ ಬಂದಿತ್ತು ನಂಗೆ,” ಎಂದ. ಆಮೇಲೆ ನನ್ನ ಕಡೆ ತಿರುಗಿದ. “ಅವತ್ತು ಜಗುಲಿ ಮ್ಯಾಲೆ ನಾನು ಪೂರಾ ಓದಿದ್ನಲ್ಲ. ನಿಂಗೆ ಏನೂ ಗೊತ್ತಾಗ್ಲಿಲ್ವಾ?”

ಅವನು ಆಪಾದನೆ ಮಾಡುತ್ತಿರಲಿಲ್ಲ. ಚಿಕ್ಕವನಿದ್ದಾಗ, ಏನು ಬಿಟ್ಟೆ ಹೇಳು ಎಂದು ಕೇಳುತ್ತಿದ್ದ ಮುಖವೇ ಅದು.

“ಇಲ್ಲ ಕಣಪ್ಪ,” ಎಂದೆ.

ಅವನು ಒಂದು ಸಲ ತಲೆಯಾಡಿಸಿ ಮುಂದಿನ ಹೆಸರು ಓದಿದ.

ಅವತ್ತು ತೊಂಬತ್ತೇಳು ಹೆಸರು ಹೊಸದಾಗಿ ಸಿಕ್ಕವು. ಆ ಪಟ್ಟಿಯನ್ನು ಸಂಸ್ಥೆಗೆ ಕೊಟ್ಟು ಸುಮ್ಮನಾಗಲಿಲ್ಲ ಅವನು. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡು, ಹತ್ತಿರದವರ ಮನೆಗೆ ಸೈಕಲ್ಲಿನಲ್ಲಿ, ದೂರದವರ ಮನೆಗೆ ರೈಲು ಬಸ್ಸಿನಲ್ಲಿ ತಾನೇ ಹೋದ. ಸಿಕ್ಕವರನ್ನು ಆಸ್ಪತ್ರೆಗೆ ಕರೆತಂದ. ಸಿಕ್ಕಾಗ ಒಂದು ಗೆರೆ, ತೀರಿಕೊಂಡಿದ್ದರೆ ಒಂದು ಅಡ್ಡಗೆರೆ. ನಲ್ಲಿಯ ಹತ್ತಿರದ ಕದಿರಪ್ಪನಿಗೆ ಅಡ್ಡಗೆರೆ ಬಿತ್ತು. ಅಂಥವು ಹನ್ನೊಂದು. ಅಂಥ ಮನೆಗಳಲ್ಲೂ ಕೂತು, ತಪ್ಪು ತನ್ನದು ಎಂದು ಹೇಳಿ ಬರುತ್ತಿದ್ದ. ಕೆಲವರು ಬಯ್ದರು, ಹೆಚ್ಚಿನವರು ಮಜ್ಜಿಗೆ ಕೊಟ್ಟರು. ಎಲ್ಲಿ ಹೋದರೂ ಒಂದು ಮಾತು ಸೇರಿಸುತ್ತಿದ್ದನೆಂದು ಕೆಲವು ಸಲ ಜೊತೆಗೆ ಹೋಗಿದ್ದ ಕನಕಮ್ಮ ನನಗೆ ಹೇಳಿದಳು. ನಮ್ಮಕ್ಕನ ಕಿವಿಗೂ ಸಿಗದಂಗೆ ಬರೆದಿದ್ದೆ ಕಣಮ್ಮ, ಇನ್ಯಾರಿಗೆ ಸಿಗ್ತದೆ ಎನ್ನುತ್ತಿದ್ದನಂತೆ.

ಆ ಮಾತು ಕೇಳಿದ ದಿನ ಹೇಳಿಬಿಡೋಣ ಎಂದುಕೊಂಡೆ. ಅವನು ಸೈಕಲ್ ಒರೆಸುತ್ತಿದ್ದ. ಆಮೇಲೆ ಹೇಳೋಣ ಎಂದುಕೊಂಡೆ. ಯುಗಾದಿ ಕಳೆಯಲಿ ಎಂದುಕೊಂಡೆ. ಅರ್ಧ ಭಾರ ನನ್ನದು ಎಂದು ಗೊತ್ತಾಗಿದ್ದರೆ ಅವನು ಸ್ವಲ್ಪ ನೆಟ್ಟಗೆ ನಡೆಯುತ್ತಿದ್ದನೋ ಏನೋ. ಇಲ್ಲವೇ ಅಕ್ಕ ಎಂದು ಕರೆಯುವುದನ್ನೇ ಬಿಡುತ್ತಿದ್ದನೋ. ಅದೇ ಭಯ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಮಾರಿಕುಪ್ಪಂ ರೈಲಿಗೆ ಕಾಯುತ್ತಾ ಕೂತಿದ್ದವನು ಹಾಗೇ ಒರಗಿದನಂತೆ. ಎದೆ ನಿಂತಿತ್ತು. ಐವತ್ತು ತುಂಬಿರಲಿಲ್ಲ. ಚೀಲದಲ್ಲಿ ಅದೇ ನೋಟ್‌ಬುಕ್ಕು. ತೊಂಬತ್ತೇಳರಲ್ಲಿ ತೊಂಬತ್ತಾರು ಹೆಸರಿಗೆ ಗೆರೆಯೋ ಅಡ್ಡಗೆರೆಯೋ ಹಾಕಿದ್ದ. ಒಂದು ಹೆಸರಿಗೆ ಮಾತ್ರ ಏನೂ ಹಾಕಿರಲಿಲ್ಲ. ಯಾವುದೆಂದು ಕನಕಮ್ಮ ಓದಿ ಹೇಳಬೇಕಾಗಿರಲಿಲ್ಲ.

ಮರಣದ ಕಾಗದಕ್ಕೆ ನಾನೂ ಕನಕಮ್ಮನೂ ಕಚೇರಿಗೆ ಹೋದೆವು. ಗುಮಾಸ್ತ ಅರ್ಜಿಯನ್ನೂ ರೇಷನ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಅರ್ಜಿಯಲ್ಲಿ ಕೋದಂಡಪ್ಪ, ಕಾರ್ಡಿನಲ್ಲಿ ಹಳೆಯ ಲೈನಿನ ಪದ್ಧತಿಯಂತೆ ಟಿ ಎಚ್ ಹಾಕಿ ಕೋತಂಡಪ್ಪ. ಇವರು ಯಾರು, ಅವರು ಯಾರು ಎಂದು ಕೇಳಿದ. ಕನಕಮ್ಮ ಗಂಡನ ಹೆಸರು ಹೇಳಲಾರದೆ ಸೆರಗು ಬಾಯಿಗೆ ಹಿಡಿದಳು.

“ಇಬ್ರೂ ಒಬ್ನೇ. ನನ್ ತಮ್ಮ. ಬರ್ಕೊಳಪ್ಪ,” ಎಂದೆ.

ಗುಮಾಸ್ತ ಇನ್ನೊಂದು ಸಲ ಕೇಳುವ ಮೊದಲೇ ಅಂದಿದ್ದೆ. ಅಷ್ಟು ಬೇಗ ಅಂದದ್ದು ನೋಡಿ ಕನಕಮ್ಮ ನನ್ನ ಮುಖವನ್ನೇ ನೋಡಿದಳು. ಅವಳಿಗೂ ಅವತ್ತು ಏನೂ ಹೇಳಲಿಲ್ಲ. ಈಗ ಬರೆದಿದ್ದೇನೆ.